ರಫ್ ಪುಟದಲ್ಲೇ ಉಳಿದುಹೋದ ಅಂಕಗಳು

ಗಣಿತದಲ್ಲಿ ಫೇಲಾದ ಮಕ್ಕಳ ಅಂಕಪಟ್ಟಿಯನ್ನು ಊರೆಲ್ಲ ನೋಡುತ್ತದೆ. ಉತ್ತರಪತ್ರಿಕೆಯನ್ನು ನೋಡುವವರು ಯಾರೂ ಇಲ್ಲ. ಅರಸೀಕೆರೆಯಲ್ಲಿರುವ ನನ್ನ ಅಕ್ಕನ ಮಗ ಎಸ್‌ಎಸ್‌ಎಲ್‌ಸಿ ಪರೀಕ್ಷೆ-1ರಲ್ಲಿ ಗಣಿತ ಒಂದರಲ್ಲಿ ಫೇಲಾದಾಗ ಆ ಮನೆಯಲ್ಲೂ ಅದೇ ಆಯಿತು. ಕನ್ನಡದಲ್ಲಿ, ಸಮಾಜದಲ್ಲಿ ಒಳ್ಳೆಯ ಅಂಕ ತೆಗೆದವನು ಗಣಿತದಲ್ಲಿ ಮಾತ್ರ ಹೇಗೆ ಮುಗ್ಗರಿಸಿದ ಎಂದು ಯಾರೂ ಕೇಳಲಿಲ್ಲ. ಭಾವ ಆಗಲೇ ತೀರ್ಮಾನ ಮಾಡಿಯಾಗಿತ್ತು: “ನಮ್ಮ ವಂಶದಲ್ಲೇ ಯಾರಿಗೂ ಲೆಕ್ಕ ಹತ್ತಲ್ಲ. ಇವನನ್ನ ಗ್ಯಾರೇಜಿಗೆ ಸೇರಿಸ್ತೀನಿ.”

ಪರೀಕ್ಷಾ ಮಂಡಳಿಯಿಂದ ಉತ್ತರಪತ್ರಿಕೆಯ ಸ್ಕ್ಯಾನ್ ಪ್ರತಿ ತರಿಸೋಣ ಎಂದು ಹಟ ಹಿಡಿದವಳು ಅಕ್ಕ. ದುಡ್ಡು ದಂಡ ಎಂದು ಭಾವ ಗೊಣಗಿದರು. ಅಕ್ಕ ಕಿವಿಗೆ ಹಾಕಿಕೊಳ್ಳಲಿಲ್ಲ.

ಆ ಪ್ರತಿ ಮನೆಗೆ ಬಂದ ಸಂಜೆಯನ್ನು ನೆನೆದರೆ ಈಗಲೂ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಸೈಬರ್ ಸೆಂಟರಿನಲ್ಲಿ ಪ್ರಿಂಟ್ ತೆಗೆಸಿದ ಹಾಳೆಗಳನ್ನು ಭಾವ ನಡುಮನೆಯ ಚಾಪೆಯ ಮೇಲೆ ಹರಡಿಕೊಂಡು ಕೂತರು. ಹುಡುಗ ಬೀರುವಿಗೆ ಒರಗಿ ನಿಂತಿದ್ದ. ಭಾವ ಒಂದೊಂದೇ ಪುಟ ತಿರುವುತ್ತ ಅಂಕಗಳನ್ನು ಗಟ್ಟಿಯಾಗಿ ಓದತೊಡಗಿದರು. “ಸೊನ್ನೆ. ಇಲ್ಲಿ ಅರ್ಧ. ಇದಕ್ಕೂ ಸೊನ್ನೆ.” ಪಕ್ಕದ ಮನೆಯವರಿಗೂ ಕೇಳಿಸುವಷ್ಟು ದನಿ. ಹುಡುಗ ಅಳಲಿಲ್ಲ, ತಲೆ ತಗ್ಗಿಸಿ ಕಾಲ್ಬೆರಳಿನಿಂದ ಚಾಪೆಯ ಅಂಚನ್ನು ಕೆದಕುತ್ತ ನಿಂತ. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಅಕ್ಕ ಒಂದು ಸಲ ಮಾತ್ರ “ಸಾಕು ಬಿಡ್ರೀ” ಎಂದಳು. ಅವರು ಬಿಡಲಿಲ್ಲ. ಕೊನೆಯ ಪುಟಗಳು ಬಂದಾಗ “ಇದೇನು ಗೀಚಾಟ” ಎಂದು ನನ್ನತ್ತ ಎಸೆದು ಎದ್ದುಹೋದರು.

ಆ ಗೀಚಾಟವೇ ಹುಡುಗನ ರಫ್ ಕೆಲಸ. ಅದರೊಳಗೆ ವಿಧಾನ ಇತ್ತು. ಸಮೀಕರಣಗಳನ್ನು ಸರಿಯಾಗಿ ಹೂಡಿದ್ದ, ಎಷ್ಟೋ ಕಡೆ ಅರ್ಧ ದಾರಿಯವರೆಗೆ ಸರಿಯಾಗಿ ಬಂದಿದ್ದ. ಮುಖ್ಯ ಪುಟದಲ್ಲಿ ಮಾತ್ರ ಅದರ ಸುಳಿವೇ ಇಲ್ಲ. ಪ್ರಶ್ನೆಯ ಸಂಖ್ಯೆ, ಕೆಳಗೆ ನೇರವಾಗಿ ಒಂದು ಉತ್ತರ. ಆ ಉತ್ತರ ತಪ್ಪಾದ ಮೇಲೆ ಮೌಲ್ಯಮಾಪಕರು ಯಾವುದಕ್ಕೆ ಅಂಕ ಕೊಡಬೇಕು?

ಹೀಗೆ ಬರೆಯಲು ಅವನಿಗೆ ಕಲಿಸಿದ್ದು ಟ್ಯೂಷನ್. “ಸ್ಟೆಪ್ ಬರೆದು ಟೈಮ್ ಹಾಳು ಮಾಡ್ಬೇಡಿ, ಶಾರ್ಟ್‌ಕಟ್ ಹಾಕಿ” ಎನ್ನುವುದು ಆ ಮೇಷ್ಟ್ರ ಮಂತ್ರವಂತೆ. ಸ್ಪರ್ಧಾತ್ಮಕ ಪರೀಕ್ಷೆಯ ಬಹು ಆಯ್ಕೆಯ ಪ್ರಶ್ನೆಗೆ ಅದು ಹೊಂದಬಹುದು. ಹತ್ತನೇ ತರಗತಿಯ 80 ಅಂಕದ ಪತ್ರಿಕೆಯಲ್ಲಿ ಅಂಥ ಪ್ರಶ್ನೆಗಳಿಗಿರುವುದು 8 ಅಂಕ. ದೊಡ್ಡ ಪಾಲು ಎರಡು, ಮೂರು, ನಾಲ್ಕು ಅಂಕದ ಪ್ರಶ್ನೆಗಳದ್ದು. ಪರೀಕ್ಷೆಯ ನಂತರ ಮಂಡಳಿ ಪ್ರಕಟಿಸುವ ಮಾದರಿ ಉತ್ತರಗಳಲ್ಲಿ ಹಂತದ ಪಕ್ಕದಲ್ಲೇ ½, ½ ಎಂದು ಅಂಕ ನಮೂದಿಸಿರುತ್ತಾರೆ. ಶುಲ್ಕ ತೆಗೆದುಕೊಂಡು ಪಾಠ ಹೇಳುವವರಿಗೆ ಇದು ಗೊತ್ತಿರಬೇಡವೇ? ಈ ಸಿಟ್ಟು ನನಗೆ ಇನ್ನೂ ಇಳಿದಿಲ್ಲ.

ಮರುದಿನದಿಂದ ಅಕ್ಕನ ಮನೆಯಲ್ಲಿ ಬೇರೆ ರೀತಿಯ ಪಾಠ ಶುರುವಾಯಿತು. ಹೊಸ ಲೆಕ್ಕ ಮಾಡುವ ಮೊದಲು ಹಳೆಯ ಲೆಕ್ಕ ಎಲ್ಲಿ ಹಳಿ ತಪ್ಪಿತು ಎಂದು ಹುಡುಕುವುದು. ಟೊಮೆಟೊ, ಈರುಳ್ಳಿಯ ಲೆಕ್ಕವನ್ನೇ ನೋಡಿ. 3 ಕಿಲೋ ಟೊಮೆಟೊ, 2 ಕಿಲೋ ಈರುಳ್ಳಿಗೆ 170 ರೂಪಾಯಿ. 2 ಕಿಲೋ ಟೊಮೆಟೊ, 3 ಕಿಲೋ ಈರುಳ್ಳಿಗೆ 155. ಕಿಲೋ ಟೊಮೆಟೊ ಬೆಲೆ ಎಕ್ಸ್, ಈರುಳ್ಳಿ ಬೆಲೆ ವೈ ಎಂದಿಟ್ಟುಕೊಂಡು ಹುಡುಗ ಸರಿಯಾಗಿಯೇ ಬರೆದ:

3ಎಕ್ಸ್ + 2ವೈ = 170
2ಎಕ್ಸ್ + 3ವೈ = 155

ಮೊದಲನೆಯದನ್ನು 2ರಿಂದ, ಎರಡನೆಯದನ್ನು 3ರಿಂದ ಗುಣಿಸಿ 6ಎಕ್ಸ್ + 4ವೈ = 340, 6ಎಕ್ಸ್ + 9ವೈ = 465 ಎಂದೂ ತಂದ. ಕಳೆಯುವಾಗ ಎಡವಿದ. 6ಎಕ್ಸ್‌ನ ಚಿಹ್ನೆ ಬದಲಿಸಿದವನು 9ವೈ ಮತ್ತು 465ರ ಚಿಹ್ನೆಯನ್ನು ಹಾಗೇ ಬಿಟ್ಟ. 13ವೈ = 805 ಬಂತು. 805 ಅನ್ನು 13ರಿಂದ ಭಾಗಿಸಲು ಹೋಗಿ, ಶೇಷ ಉಳಿದು, ಅಲ್ಲೇ ಕೂತ. “ನಂಗೆ ಬರಲ್ಲ ಚಿಕ್ಕಮ್ಮ” ಎಂದು ಪೆನ್ನು ಕೆಳಗಿಟ್ಟ.

ಬರುತ್ತಿತ್ತು. ಕೆಳಗಿನ ಸಮೀಕರಣದ ಪ್ರತಿ ಪದದ ಅಡಿಯಲ್ಲೂ ಬದಲಾದ ಚಿಹ್ನೆಯನ್ನು ಬೇರೆ ಬಣ್ಣದಲ್ಲಿ ಬರೆಸಿದ್ದೇ ತಡ, −5ವೈ = −125 ಆಯಿತು, ವೈ 25 ಆಯಿತು, ಎಕ್ಸ್ 40 ಆಯಿತು. ಆಮೇಲೆ ಅವನಿಗೆ ಇನ್ನೊಂದು ದಾರಿ ತೋರಿಸಿದೆ. ಎರಡೂ ಸಮೀಕರಣ ಕೂಡಿದರೆ 5ಎಕ್ಸ್ + 5ವೈ = 325, ಅಂದರೆ ಎರಡರ ಬೆಲೆ ಸೇರಿ 65. ಒಂದರಿಂದ ಇನ್ನೊಂದನ್ನು ಕಳೆದರೆ ವ್ಯತ್ಯಾಸ 15. ಇಷ್ಟು ಸಿಕ್ಕ ಮೇಲೆ 40 ಮತ್ತು 25 ಬಾಯಿಲೆಕ್ಕದಲ್ಲೇ ಬರುತ್ತದೆ. ಹುಡುಗನ ಮುಖದಲ್ಲಿ ಅಂದು ಕಂಡ ಗೆಲುವನ್ನು ಭಾವ ನೋಡಬೇಕಿತ್ತು. ಅವರು ಟಿ.ವಿ. ಮುಂದೆ ಇದ್ದರು.

ಆವರಣದ ಹಿಂದೆ ಮೈನಸ್ ಇದ್ದಾಗಲೂ ಇದೇ ಕಥೆ. 5 − 2(ಎಕ್ಸ್ − 3) = 1 ಎಂಬುದನ್ನು ಬಿಡಿಸುವಾಗ 5 − 2ಎಕ್ಸ್ − 6 ಎಂದು ಬರೆಯುವ ಮಕ್ಕಳು ಪ್ರತಿ ತರಗತಿಯಲ್ಲೂ ಇದ್ದಾರೆ. ಅವರಿಗೆ ಎಕ್ಸ್ = −1 ಸಿಗುತ್ತದೆ. ಅದನ್ನು ತಿರುಗಿ ಸಮೀಕರಣಕ್ಕೆ ಹಾಕಿ ನೋಡಿದರೆ ಎಡಗಡೆ 13 ಬರುತ್ತದೆ, ಬಲಗಡೆ 1 ಇದೆ. ಆವರಣದೊಳಗಿನ ಎರಡೂ ಪದವನ್ನು −2ರಿಂದ ಗುಣಿಸಿ 5 − 2ಎಕ್ಸ್ + 6 ಎಂದು ಬರೆದವರಿಗೆ ಎಕ್ಸ್ = 5 ಸಿಗುತ್ತದೆ, ತಾಳೆಯೂ ಆಗುತ್ತದೆ. ತಾಳೆ ನೋಡಲು ಅರ್ಧ ನಿಮಿಷ ಸಾಕು.

ಭಿನ್ನರಾಶಿಯ ವಿಷಯದಲ್ಲೂ ಅಷ್ಟೆ. 2/3ಕ್ಕೆ 1/4 ಕೂಡಿಸಿ ಹುಡುಗ 3/7 ಎಂದು ಬರೆದಿದ್ದ. 2/3 ಅರ್ಧಕ್ಕಿಂತ ಹೆಚ್ಚು, 3/7 ಅರ್ಧಕ್ಕಿಂತ ಕಡಿಮೆ. ಕೂಡಿಸಿದ ಮೇಲೆ ಕಡಿಮೆಯಾಗುವುದು ಹೇಗೆ ಎಂದು ಕೇಳಿದಾಗ ತಾನೇ ಹೊಡೆದುಹಾಕಿ, 12ನ್ನು ಲ.ಸಾ.ಅ. ತೆಗೆದುಕೊಂಡು 11/12 ಬರೆದ.

ಅವನ ಉತ್ತರಪತ್ರಿಕೆಯಲ್ಲಿ ನನ್ನನ್ನು ಹೆಚ್ಚು ಕಾಡಿದ್ದು ವರ್ಗ ಸಮೀಕರಣ. 2ಎಕ್ಸ್² − 5ಎಕ್ಸ್ − 3 = 0. ಸೂತ್ರ ಬಾಯಿಪಾಠ ಇತ್ತು. ಬಿ ಬೆಲೆ −5 ಎಂದೂ ಗೊತ್ತಿತ್ತು. ಆದರೆ ಆವರಣ ಹಾಕದೆ −5² ಎಂದು ಬರೆದು −25 ಮಾಡಿಕೊಂಡ. ಅದಕ್ಕೆ 24 ಕೂಡಿಸಿದ, ಶೋಧಕ −1 ಆಯಿತು. ಅಲ್ಲಿ ನಿಂತು ನೋಡಬೇಕಿತ್ತು. ಅವನು −1ರ ವರ್ಗಮೂಲವನ್ನೂ 1 ಎಂದು ಬರೆದು ಮುಂದೆ ಹೋಗಿದ್ದ. ಋಣಸಂಖ್ಯೆ ಸ್ವಭಾವದಿಂದಲೇ ವರ್ಗವಲ್ಲ, ಆದ್ದರಿಂದ ಅದಕ್ಕೆ ವರ್ಗಮೂಲವಿಲ್ಲ ಎಂಬುದನ್ನು ಒಂಬತ್ತನೇ ಶತಮಾನದಷ್ಟು ಹಿಂದೆಯೇ ನಮ್ಮ ಮಹಾವೀರಾಚಾರ್ಯರು ‘ಗಣಿತಸಾರಸಂಗ್ರಹ’ದಲ್ಲಿ ಹೇಳಿದ್ದರು. ಅಮೋಘವರ್ಷ ನೃಪತುಂಗನ ಕಾಲದ ಗಣಿತಜ್ಞರು ಅವರು. ನೃಪತುಂಗನ ಹೆಸರು ಕನ್ನಡ ಪಾಠದಿಂದ ಹುಡುಗನಿಗೆ ಗೊತ್ತಿತ್ತು. ಅವನ ಕಾಲದಲ್ಲಿ ಇಂಥ ಗಣಿತವೂ ನಡೆದಿತ್ತು ಎಂದಾಗ ಆಶ್ಚರ್ಯಪಟ್ಟ. ಆವರಣ ಹಾಕಿ (−5)² ಎಂದು ಬರೆದರೆ 25, ಅದಕ್ಕೆ 24 ಸೇರಿ 49, ವರ್ಗಮೂಲ 7. ಎಕ್ಸ್‌ಗೆ 3 ಮತ್ತು −1/2 ಎಂಬ ಎರಡು ಬೆಲೆ. ಇಡೀ ಲೆಕ್ಕ ಕೆಟ್ಟದ್ದು ಒಂದು ಜೊತೆ ಆವರಣ ಇಲ್ಲದ್ದಕ್ಕೆ.

ಇಷ್ಟರಿಂದಲೇ ಎಲ್ಲ ಮಕ್ಕಳೂ ಪಾಸಾಗುತ್ತಾರೆ ಎಂದು ನಾನು ಹೇಳುವುದಿಲ್ಲ. ಅಕ್ಕನ ಮನೆಯಲ್ಲಿ ಕೆಲಸಕ್ಕೆ ಬಂದ ಅಭ್ಯಾಸಗಳು ಕೆಲವೇ: ಒಂದು ಸಾಲಿಗೆ ಒಂದೇ ಹಂತ, ಸಮ ಚಿಹ್ನೆಯ ಕೆಳಗೇ ಸಮ ಚಿಹ್ನೆ, ಋಣಸಂಖ್ಯೆಗೆ ಕಡ್ಡಾಯ ಆವರಣ, ಕೊನೆಗೆ ತಾಳೆ. ರಫ್ ಕೆಲಸಕ್ಕೆ ಬೇರೆ ಪುಟ ಬೇಡವೇ ಬೇಡ ಎಂದು ಅಕ್ಕ ಕಟ್ಟುನಿಟ್ಟು ಮಾಡಿದಳು. ಲೆಕ್ಕವೇ ಬಾರದ ಅಕ್ಕ ದಿನಾ ಪಕ್ಕದಲ್ಲಿ ಕೂತು, ಸಾಲು ಹಾರಿಸಿದನೇ ಎಂಬುದನ್ನಷ್ಟೇ ನೋಡುತ್ತಿದ್ದಳು. ಹುಡುಗ ಪರೀಕ್ಷೆ-2ರಲ್ಲಿ ಪಾಸಾದ. ಈಗ ಪಿಯುಸಿ ಓದುತ್ತಿದ್ದಾನೆ, ಗ್ಯಾರೇಜಿನ ಮಾತು ಭಾವನ ಬಾಯಲ್ಲಿ ಬರುತ್ತಿಲ್ಲ.

2023–24ರಲ್ಲಿ ಎಸ್‌ಎಸ್‌ಎಲ್‌ಸಿಗೆ ವರ್ಷಕ್ಕೆ ಮೂರು ಪರೀಕ್ಷೆಗಳ ವ್ಯವಸ್ಥೆ ಬಂದಿತ್ತು. ಮೊದಲನೆಯದರಲ್ಲಿ ಫೇಲಾದ ಮಕ್ಕಳ ತಂದೆತಾಯಂದಿರಲ್ಲಿ ನನ್ನದೊಂದು ಕೋರಿಕೆ: ಮಗುವನ್ನು ಬೈಯುವ ಮೊದಲು ಉತ್ತರಪತ್ರಿಕೆಯ ಪ್ರತಿ ತರಿಸಿ, ರಫ್ ಪುಟಗಳನ್ನೂ ಬಿಡದೆ ನೋಡಿ. ಅರ್ಜಿ ಹಾಕಲು ಮಂಡಳಿ ಕೊಡುವ ಅವಧಿ ಚಿಕ್ಕದು. ಫಲಿತಾಂಶ ಬಂದ ದಿನವೇ ಶಾಲೆಯ ಮುಖ್ಯೋಪಾಧ್ಯಾಯರನ್ನು ಕಂಡು ಕೊನೆಯ ದಿನಾಂಕ ಕೇಳಿಕೊಳ್ಳಿ.