ತಾತನ ಹೆಸರಿನ ಪಹಣಿ

ಭಾರತೀನಗರದ ಸುತ್ತ (ಬಾಯಲ್ಲಿ ಈಗಲೂ ಕೆ.ಎಂ. ದೊಡ್ಡಿಯೇ) ಎಷ್ಟೋ ಮನೆಗಳ ಪಹಣಿಯಲ್ಲಿ ತೀರಿಕೊಂಡ ತಾತನೇ ಇನ್ನೂ ಜಮೀನಿನ ಮಾಲೀಕ. ನಮ್ಮದೂ ಹಾಗೇ ಇತ್ತು. ಪೌತಿ ಖಾತೆ ಮಾಡಿಸೋಣ ಅಂದಾಗಲೆಲ್ಲ ಚಿಕ್ಕಪ್ಪನದು ಒಂದೇ ಉತ್ತರ: "ಕಬ್ಬು ಕಡ್ದ್‌ಮೇಲೆ ನೋಡಾನ ಬುಡು." ಕಬ್ಬು ಚಾಮುಂಡೇಶ್ವರಿ ಫ್ಯಾಕ್ಟರಿಗೆ ಹೋಗುತ್ತಿತ್ತು, ಕೂಳೆ ಚಿಗುರುತ್ತಿತ್ತು, ಮಾತು ಮುಂದಿನ ಕಟಾವಿಗೆ ಹೋಗುತ್ತಿತ್ತು.

ಚಿಕ್ಕಪ್ಪ ಸೋಮಾರಿಯಲ್ಲ. ವಿ.ಸಿ. ನಾಲೆಯಲ್ಲಿ ನೀರು ಬಿಟ್ಟರೆ ರಾತ್ರಿಯೆಲ್ಲ ಗದ್ದೆ ಬದುವಿನ ಮೇಲೆ ನಿಲ್ಲುವ ಮನುಷ್ಯ. ಆದರೆ ನಾಡಕಚೇರಿಗೆ ಅರ್ಜಿ ಕೊಡಲು ವಂಶವೃಕ್ಷ ಬೇಕು, ಅದರಲ್ಲಿ ಮಳವಳ್ಳಿ ಕಡೆಗೆ ಕೊಟ್ಟ ಅತ್ತೆಯ ಹೆಸರು ಬರಬೇಕು, ಹೆಸರು ಬಂದ ಮೇಲೆ "ನಿಂಗೇನ್ ಬೇಕಕ್ಕ?" ಅಂತ ಕೇಳಬೇಕು. ಆ ಒಂದು ಮಾತಿನಿಂದ ತಪ್ಪಿಸಿಕೊಳ್ಳುತ್ತಿದ್ದರು, ಅಷ್ಟೇ. ಕೇಳದಿದ್ದರೆ ಅತ್ತೆಯ ಹಕ್ಕೇನೂ ಕರಗುವುದಿಲ್ಲ. ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿ ಪಿತ್ರಾರ್ಜಿತದಲ್ಲಿ ಮಗಳಿಗೂ ಮಗನಷ್ಟೇ ಪಾಲು ಕೊಟ್ಟಿತು. ಅದು ಜಾರಿಯಾದ ದಿನ ಅಪ್ಪ ಬದುಕಿರಬೇಕೆಂದೇನಿಲ್ಲ ಅಂತ 2020ರಲ್ಲಿ ಸುಪ್ರೀಂ ಕೋರ್ಟೂ ಹೇಳಿತು.

ಸುಮ್ಮನಿದ್ದುದಕ್ಕೆ ದುಡ್ಡು ಮಾತ್ರ ಹೋಗುತ್ತದೆ. ಸಹಕಾರ ಸಂಘದ ಬೆಳೆಸಾಲ ಮಿತಿಯೊಳಗಿದ್ದು ಗಡುವಿಗೆ ಕಟ್ಟಿದರೆ ಬಡ್ಡಿ ಸೊನ್ನೆ. ಅದಕ್ಕೆ ಪಹಣಿ ಸಾಲ ಕೇಳುವವನ ಹೆಸರಿನಲ್ಲಿರಬೇಕು. ಇಲ್ಲದವನು ಕೈಸಾಲಕ್ಕೆ ಹೋಗುತ್ತಾನೆ. ಎರಡು ರೂಪಾಯಿ ಬಡ್ಡಿ ಅಂದರೆ ಲಕ್ಷಕ್ಕೆ ತಿಂಗಳಿಗೆ 2,000. ಕಬ್ಬು ಬಲಿಯುವ ವರ್ಷದಲ್ಲಿ 24,000. ಪಿಎಂ ಕಿಸಾನ್‌ನ ವರ್ಷದ 6,000 ಕೂಡ ಖಾತೆಯಿಲ್ಲದವನಿಗೆ ಸಿಗದು.

ನಮ್ಮವರು ಖಾತೆಯನ್ನೂ ವಿಭಾಗವನ್ನೂ ಒಂದೇ ಗಂಟಿಗೆ ಕಟ್ಟಿಬಿಟ್ಟಿದ್ದಾರೆ. ಪೌತಿ ಖಾತೆಯನ್ನು ವಾರಸುದಾರರೆಲ್ಲರ ಹೆಸರಿಗೆ ಜಂಟಿಯಾಗಿ ಮಾಡಿಸಬಹುದು. ಯಾರಿಗೆ ಯಾವ ಗದ್ದೆ ಅನ್ನುವುದು ಅವತ್ತೇ ಇತ್ಯರ್ಥ ಆಗಬೇಕಿಲ್ಲ. ಅದಕ್ಕೆ 11-ಇ ನಕ್ಷೆ, ನೋಂದಾಯಿತ ವಿಭಾಗಪತ್ರದ ದಾರಿ ಬೇರೆಯೇ ಇದೆ. ದೊಡ್ಡ ತೀರ್ಮಾನಕ್ಕೆ ಅಂಜಿ ಸಣ್ಣದನ್ನೂ ಮಾಡದೆ ಕೂತು, ಮನೆಯ ಮರ್ಯಾದೆ ಉಳಿಸಿದೆವು ಅಂದುಕೊಳ್ಳುತ್ತೇವೆ. ವರ್ಷಕ್ಕೆ ಇಪ್ಪತ್ತನಾಲ್ಕು ಸಾವಿರ ಬೇಡುವ ಮರ್ಯಾದೆ ನನಗಂತೂ ದುಬಾರಿ.

ಕೊನೆಗೆ ಅತ್ತೆಗೆ ನಾನೇ ಫೋನ್ ಮಾಡಿದೆ. "ನನ್ ಹೆಸ್ರೂ ಸೇರ್ಸಿ. ಪಾಲಿನ್ ಮಾತು ಆಮೇಲಾಡಾನ" ಅಂದರು. ಜಂಟಿ ಖಾತೆಯಾಯಿತು. ಈಗ ಸಂಘದ ಸಾಲದ ಕಾಗದಕ್ಕೆ ಅತ್ತೆಯ ಸಹಿಯೂ ಬೇಕು. ಸಹಿ ಹಾಕಿಸಲು ಚಿಕ್ಕಪ್ಪ ತಾವೇ ಹೋಗಿ, ಊಟ ಮುಗಿಸಿಕೊಂಡೇ ಬರುತ್ತಾರೆ. ವಿಭಾಗದ ಮಾತನ್ನು ಇಬ್ಬರೂ ಇನ್ನೂ ಎತ್ತಿಲ್ಲ.