‘ಅಲೌ’ ಒತ್ತಿದ ಮಾತ್ರಕ್ಕೆ ಮಾನ ಬರೆದುಕೊಟ್ಟಂತಲ್ಲ

ಪ್ರಶ್ನೆ: ಮನೆಯಲ್ಲೇ ಚಟ್ನಿಪುಡಿ, ಹಪ್ಪಳ ಮಾಡಿ ವಾಟ್ಸ್ಆ್ಯಪ್‌ನಲ್ಲಿ ಮಾರುತ್ತೇನೆ. ಸಾಮಾನು ತರಲು ದುಡ್ಡಿಲ್ಲದೆ ಮೊಬೈಲ್ ಆ್ಯಪ್ ಒಂದರಿಂದ ಐದು ಸಾವಿರ ಸಾಲ ಪಡೆದೆ. ಬಡ್ಡಿ ಸಮೇತ ಕಟ್ಟಿಯಾಗಿದೆ. ಆದರೂ ಬಾಕಿ ಇದೆ ಎಂದು ದಿನವಿಡೀ ಕರೆ. ಈಗ ನನ್ನ ಫೋಟೊವನ್ನು ಅಶ್ಲೀಲವಾಗಿ ತಿದ್ದಿ ಗಿರಾಕಿಗಳಿಗೂ ನಾದಿನಿಗೂ ಕಳಿಸಿದ್ದಾರೆ. ಆ್ಯಪ್ ಕೇಳಿದ್ದಕ್ಕೆಲ್ಲ ‘ಅಲೌ’ ಒತ್ತಿದವಳು ನಾನೇ. ಪೊಲೀಸರು ನನ್ನನ್ನೇ ಬೈದರೆ? ಯಜಮಾನರಿಗೆ ಸಾಲದ ವಿಷಯವೇ ಗೊತ್ತಿಲ್ಲ. ಹೊರಗೆ ಹೋಗಲು ಮುಖವಿಲ್ಲದಂತಾಗಿದೆ.
– ಹೆಸರು, ಊರು ಬೇಡ

ಉತ್ತರ: ಫೋನ್ ಸದ್ದಾದಾಗಲೆಲ್ಲ ಎದೆ ಧಸಕ್ಕೆನ್ನುವುದು, ಗುರುತಿನವರು ಎದುರಾದರೆ ‘ಇವರಿಗೂ ಬಂದಿರಬಹುದೇ’ ಎಂದು ತಲೆ ತಗ್ಗಿಸುವುದು ನಿಮ್ಮ ಜಾಗದಲ್ಲಿ ಯಾರಿದ್ದರೂ ಆಗುತ್ತಿತ್ತು. ಅದು ದೌರ್ಬಲ್ಯವಲ್ಲ. ಆದರೆ ಆ ನಾಚಿಕೆಯೇ ಆ ಸಾಲದ ಆ್ಯಪ್‌ನವರ ಬಂಡವಾಳ ಎಂಬುದನ್ನು ಗಮನಿಸಿ. ನೀವು ಯಾರ ಹತ್ತಿರವೂ ಬಾಯಿ ಬಿಡುವುದಿಲ್ಲ ಎಂಬ ಧೈರ್ಯದ ಮೇಲೆ ಈ ದಂಧೆ ನಡೆಯುತ್ತದೆ. ನನಗೆ ಪತ್ರ ಬರೆದ ದಿನವೇ ನೀವು ಆ ಲೆಕ್ಕವನ್ನು ಸ್ವಲ್ಪ ಕೆಡಿಸಿದ್ದೀರಿ.

ಇನ್ನು ‘ಅಲೌ’ ವಿಷಯ. ನೀರು ಕೇಳಿದವರನ್ನು ಪಡಸಾಲೆಗೆ ಕರೆದರೆ ಬೀರುವಿನ ಕೀಲಿ ಕೊಟ್ಟಂತಾಗುವುದಿಲ್ಲ. ಕಾನೂನೂ ಹಾಗೆಯೇ ಯೋಚಿಸುತ್ತದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಒಂದು ಉದಾಹರಣೆ ಕೊಡುತ್ತದೆ: ವೈದ್ಯರ ಸಲಹೆಯ ಆ್ಯಪ್ ಒಂದು ಫೋನಿನ ಕಾಂಟ್ಯಾಕ್ಟ್ ಪಟ್ಟಿಯನ್ನೂ ಕೇಳಿತು, ಬಳಕೆದಾರರು ಒಪ್ಪಿದರು. ಆದರೂ ಆ ಸೇವೆಗೆ ಪಟ್ಟಿ ಬೇಕಿಲ್ಲವಾದ್ದರಿಂದ ಒಪ್ಪಿಗೆ ಅದಕ್ಕೆ ಅನ್ವಯಿಸುವುದಿಲ್ಲ. ಈ ಕಾಯ್ದೆ ಹಂತಹಂತವಾಗಿ ಜಾರಿಯಾಗುತ್ತಿದೆ. ಸಾಲದ ಆ್ಯಪ್‌ಗಳಿಗಂತೂ ರಿಸರ್ವ್ ಬ್ಯಾಂಕ್ 2022ರಲ್ಲೇ ಹೇಳಿದೆ: ಕಾಂಟ್ಯಾಕ್ಟ್ ಪಟ್ಟಿ, ಫೋಟೊ, ಕರೆಗಳ ವಿವರ ಮುಟ್ಟುವಂತಿಲ್ಲ. ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟ್ 2017ರಲ್ಲಿ ತೀರ್ಪಿತ್ತ ಮೊಕದ್ದಮೆಯನ್ನು ಹೂಡಿದವರು ನಮ್ಮದೇ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಸಾಲ ನಿಜಕ್ಕೂ ಬಾಕಿಯಿದ್ದರೂ ಆ ಹಕ್ಕು ಹೋಗುವುದಿಲ್ಲ.

ಈಗ ಮಾಡಬೇಕಾದ್ದು ಕೆಲವೇ.

ಮೊದಲು, ಇವತ್ತೇ ಮನೆಯಲ್ಲಿ ಹೇಳಿ. ಯಜಮಾನರಿಗೆ ಬೇರೆಯವರ ಫೋನಿನಿಂದ ತಿಳಿಯುವುದಕ್ಕಿಂತ ನಿಮ್ಮ ಬಾಯಿಂದ ತಿಳಿಯಲಿ. ಕಷ್ಟವೆನಿಸಿದರೆ ನಾದಿನಿಯನ್ನೋ ಅಕ್ಕನನ್ನೋ ಜೊತೆಗೆ ಕೂರಿಸಿಕೊಳ್ಳಿ. ಯಜಮಾನರು ಮೊದಲು ಸಿಟ್ಟಾಗಬಹುದು. ಆ ಸಿಟ್ಟು ಇಳಿಯಲು ಸಮಯ ಕೊಡಿ.

ಎರಡನೆಯದಾಗಿ, ಹೆದರಿ ಮತ್ತೆ ದುಡ್ಡು ಹಾಕಬೇಡಿ. ಒಮ್ಮೆ ಕೊಟ್ಟರೆ ಇನ್ನೊಮ್ಮೆ ಕೇಳುತ್ತಾರೆ. ಸಿಟ್ಟಿನಲ್ಲಿ ಏನನ್ನೂ ಅಳಿಸಲೂಬೇಡಿ. ಬೆದರಿಕೆಯ ಮೆಸೇಜು, ನಂಬರುಗಳು, ಯುಪಿಐ ಐಡಿ, ಹಣ ಕಟ್ಟಿದ ದಾಖಲೆ ಎಲ್ಲದರ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ. ಆಮೇಲೆ ಸೆಟ್ಟಿಂಗ್ಸ್‌ನಲ್ಲಿ ಅನುಮತಿಗಳನ್ನು ತೆಗೆದು ಆ್ಯಪನ್ನು ಕಿತ್ತುಹಾಕಿ.

ಮೂರನೆಯದಾಗಿ, 1930ಕ್ಕೆ ಕರೆ ಮಾಡಿ, ಇಲ್ಲವೇ ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ದೂರು ದಾಖಲಿಸಿ. ಸೈಬರ್ ಅಪರಾಧಗಳನ್ನು ನೋಡುವ ನಿಮ್ಮ ಜಿಲ್ಲೆಯ ಸೆನ್ ಪೊಲೀಸ್ ಠಾಣೆಗೂ ಹೋಗಬಹುದು. ಬೆದರಿಸಿ ಹಣ ಕೇಳುವುದು, ಅಶ್ಲೀಲ ಚಿತ್ರ ಹಂಚುವುದು ಅಪರಾಧ; ಅಲ್ಲಿ ನೀವು ಆರೋಪಿಯಲ್ಲ, ದೂರುದಾರರು. ಒಬ್ಬರೇ ಹೋಗಲು ಅಳುಕಾದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರವನ್ನು ಕೇಳಿ. ಆದಾಯ ಎಷ್ಟೇ ಇರಲಿ, ಮಹಿಳೆಯರಿಗೆ ಅಲ್ಲಿ ವಕೀಲರ ನೆರವು ಉಚಿತ, ಸಹಾಯವಾಣಿ 15100. ಆ ಚಿತ್ರ ಫೇಸ್‌ಬುಕ್, ಇನ್‌ಸ್ಟಾಗ್ರಾಂನಲ್ಲಿ ಕಂಡರೆ ಅಲ್ಲೇ ರಿಪೋರ್ಟ್ ಮಾಡಿ. ತಿದ್ದಿದ ನಗ್ನಚಿತ್ರದ ಬಗ್ಗೆ ದೂರು ಬಂದರೆ ತ್ವರಿತವಾಗಿ ತೆಗೆಯಬೇಕೆಂದು 2021ರ ಐಟಿ ನಿಯಮಗಳೇ ಹೇಳಿವೆ.

ಕೊನೆಯದಾಗಿ, ಗಿರಾಕಿಗಳು. ಅವರ ನಂಬರು ಅವರದೇ ಸ್ವತ್ತು, ನಿಮ್ಮನ್ನು ನಂಬಿ ಕೊಟ್ಟದ್ದು. ಆದ್ದರಿಂದ ನೀವೇ ಒಂದು ಮೆಸೇಜು ಕಳಿಸಿ: ‘ನನ್ನ ಫೋನಿನ ನಂಬರುಗಳನ್ನು ವಂಚಕರು ಕದ್ದಿದ್ದಾರೆ. ನನ್ನ ಹೆಸರಿನಲ್ಲಿ ಬರುವ ಚಿತ್ರ, ಲಿಂಕ್ ತೆರೆಯಬೇಡಿ. ಪೊಲೀಸರಿಗೆ ದೂರು ಕೊಟ್ಟಿದ್ದೇನೆ.’ ಹೆಚ್ಚಿನ ವಿವರಣೆ ಬೇಕಿಲ್ಲ. ವ್ಯಾಪಾರದ ನಂಬರುಗಳನ್ನು ಮುಂದೆ ಬೇರೆ ಫೋನಿನಲ್ಲಿ ಇಡಲಾದರೆ ಒಳ್ಳೆಯದು.

ನಿದ್ದೆ ಬಾರದಿದ್ದರೆ, ಬದುಕೇ ಬೇಡವೆನಿಸಿದರೆ ಬೆಳಗಾಗಲೆಂದು ಕಾಯಬೇಡಿ. 14416, ಟೆಲಿ ಮನಸ್ ಸಹಾಯವಾಣಿ, ಹಗಲು ರಾತ್ರಿ ಕನ್ನಡದಲ್ಲೇ ಮಾತಾಡುತ್ತದೆ.

ಇದನ್ನು ಓದುತ್ತಿರುವ ಉಳಿದವರಿಗೂ ಒಂದು ಮಾತು. ಪರಿಚಯದ ಮಹಿಳೆಯೊಬ್ಬರ ಇಂಥ ಚಿತ್ರ ನಿಮ್ಮ ಫೋನಿಗೆ ಬಂದರೆ ಯಾರಿಗೂ ಫಾರ್ವರ್ಡ್ ಮಾಡಬೇಡಿ. ಹಾಗೆ ಹಂಚುವುದೂ ಅಪರಾಧವೇ. ಕಳಿಸಿದವರ ನಂಬರನ್ನು ಬರೆದಿಟ್ಟುಕೊಂಡು ಆಕೆಗೆ ಕರೆ ಮಾಡಿ, ‘ಠಾಣೆಗೆ ಜೊತೆಯಲ್ಲಿ ಬರಲಾ?’ ಎಂದು ಕೇಳಿ.