ಅಪ್ಪನ ಪಕ್ಕದ ಅರ್ಧ ಗಂಟೆ



ಟಿ.ವಿ. ಮನೆಗೆ ಕಾಲಿಟ್ಟ ಮೇಲೆ ಮನೆಮಂದಿಯ ನಡುವೆ ಮಾತು ಕಡಿಮೆಯಾಯಿತು ಎಂಬ ದೂರನ್ನು ನೀವೂ ಕೇಳಿರುತ್ತೀರಿ. ಬಹುಶಃ ನೀವೇ ಹೇಳಿಯೂ ಇರುತ್ತೀರಿ. ಆ ದೂರಿನಲ್ಲಿ ಸತ್ಯವಿಲ್ಲದೆ ಇಲ್ಲ. ಈಗಂತೂ ಒಂದೇ ಮನೆಯ ನಾಲ್ವರು ನಾಲ್ಕು ಮೊಬೈಲುಗಳಲ್ಲಿ ಮುಳುಗಿರುತ್ತಾರೆ. ಆದರೆ ವಯಸ್ಸಾದ ತಂದೆಯೋ ತಾಯಿಯೋ ಅದೇ ಟಿ.ವಿ. ಮುಂದೆ ಒಬ್ಬರೇ ಕುಳಿತು ತಮ್ಮ ಮೆಚ್ಚಿನ ಕಾರ್ಯಕ್ರಮ ನೋಡುವಾಗ ಅವರ ಪಕ್ಕದಲ್ಲಿ ಒಂದು ಜಾಗ ಖಾಲಿ ಇರುತ್ತದೆ. ಆ ಜಾಗದ ಬಗ್ಗೆ ಇಂದು ಸ್ವಲ್ಪ ಯೋಚಿಸೋಣ. ಏಕೆಂದರೆ ಮುಂದೊಂದು ದಿನ ಅವರು ಕೂರುವ ಕುರ್ಚಿಯೇ ಖಾಲಿಯಾಗುತ್ತದೆ.

ಎದುರಿಗೆ ಬಾರದ ಮಾತು ಪಕ್ಕದಲ್ಲಿ ಬರುತ್ತದೆ

ನಮ್ಮ ತಂದೆಯರಲ್ಲಿ ಅನೇಕರು ಮಾತು ಕಡಿಮೆಯವರು. "ಅಪ್ಪಾ, ನಿಮ್ಮ ಜೀವನದ ಬಗ್ಗೆ ಹೇಳಿ" ಎಂದು ಎದುರಿಗೆ ಕುಳಿತು ಕೇಳಿದರೆ, "ಹೇಳೋಕೆ ಏನಿದೆ?" ಎಂದು ಎದ್ದು ಹೋಗುತ್ತಾರೆ. ತಾಯಂದಿರು ಊಟ, ಮಾತ್ರೆ, ಮೊಮ್ಮಕ್ಕಳ ಬಗ್ಗೆ ಮಾತನಾಡುತ್ತಾರೆ. ತಮ್ಮ ಬಗ್ಗೆ ಮಾತ್ರ ಇಲ್ಲ. ಆದರೆ ಇಬ್ಬರ ಕಣ್ಣೂ ಬೇರೊಂದು ಕಡೆ ನೆಟ್ಟಿರುವಾಗ ನಾಲಿಗೆಯ ಗಂಟು ಸಡಿಲವಾಗುತ್ತದೆ. ಗದ್ದೆಯ ಕೆಲಸದಲ್ಲಿ, ಅವರೆಕಾಯಿ ಸುಲಿಯುವಾಗ, ಬಸ್ ಪ್ರಯಾಣದಲ್ಲಿ ಮನಸ್ಸಿನ ಮಾತು ಹೊರಬರುವುದು ಹೀಗೆಯೇ. ಇಂದಿನ ಮನೆಗಳಲ್ಲಿ ಅಂಥ ಅವಕಾಶ ಉಳಿದಿರುವುದು ಹೆಚ್ಚಾಗಿ ಟಿ.ವಿ. ಮುಂದೆ.

ಒಂದು ಉದಾಹರಣೆ ನೋಡೋಣ. ಚಂದನ ವಾಹಿನಿಯ 'ಥಟ್ ಅಂತ ಹೇಳಿ' ಕಾರ್ಯಕ್ರಮ ನಿಮಗೆ ಗೊತ್ತೇ ಇದೆ. 2002ರಲ್ಲಿ ಆರಂಭವಾದ ಈ ಕನ್ನಡ ರಸಪ್ರಶ್ನೆಯನ್ನು ಡಾ. ನಾ. ಸೋಮೇಶ್ವರ ಅವರು ಸಾವಿರಾರು ಕಂತುಗಳಲ್ಲಿ ನಡೆಸಿಕೊಟ್ಟಿದ್ದಾರೆ. ಇದರಲ್ಲಿ ಬಹುಮಾನ ಹಣವಲ್ಲ, ಪುಸ್ತಕ. ಅಬ್ಬರವಿಲ್ಲ, ಅವಸರವಿಲ್ಲ. ಎಷ್ಟೋ ಮನೆಗಳ ಹಿರಿಯರಿಗೆ ಇದು ದಿನದ ಕೊನೆಯ ಸಂತೋಷ.

ಈಗ ಇಂಥದೊಂದು ಮನೆಯನ್ನು ಕಲ್ಪಿಸಿಕೊಳ್ಳಿ. ತಂದೆ ನಿವೃತ್ತ ಬಸ್ ಕಂಡಕ್ಟರ್. ಓದಿದ್ದು ಏಳನೆಯ ತರಗತಿ. ಮಗ ಇಂಜಿನಿಯರ್. ಇಬ್ಬರ ನಡುವೆ ಜಗಳವಿಲ್ಲ, ಮಾತೂ ಇಲ್ಲ. ಒಂದು ರಾತ್ರಿ ಮಗ ಸುಮ್ಮನೆ ಬಂದು ತಂದೆಯ ಪಕ್ಕ ಕೂರುತ್ತಾನೆ. ತುಂಗಾ ಮತ್ತು ಭದ್ರಾ ನದಿಗಳು ಸೇರುವ ಊರು ಯಾವುದು ಎಂಬ ಪ್ರಶ್ನೆ ಬರುತ್ತದೆ. ಸ್ಪರ್ಧಿಗಳು ಇನ್ನೂ ಯೋಚಿಸುತ್ತಿದ್ದಾರೆ. ತಂದೆ "ಕೂಡಲಿ!" ಎಂದುಬಿಡುತ್ತಾರೆ.

"ಅಪ್ಪಾ, ನಿಮಗೆ ಹೇಗೆ ಗೊತ್ತು?"

"ಆ ಕಡೆ ನೈಟ್ ಹಾಲ್ಟ್ ಇರ್ತಿತ್ತು ಕಣೋ." ಸ್ವಲ್ಪ ಹೊತ್ತಿನ ಮೇಲೆ, ಟಿ.ವಿ.ಯಿಂದ ಕಣ್ಣು ತೆಗೆಯದೆಯೇ ಮತ್ತೊಂದು ಮಾತು: "ನಿನ್ನ ಪ್ರಥಮ ಪರಮಪ್ರಸಾದದ ದಿನ ನಾನು ಅಲ್ಲೇ ಇದ್ದೆ. ರಜೆ ಕೊಡಲಿಲ್ಲ. ಹೊಳೆ ದಂಡೆಯಲ್ಲಿ ಕೂತು ಜಪಸರ ಮಾಡಿದೆ."

ತಂದೆ ಆ ದಿನ ಬರಲಿಲ್ಲ ಎಂಬ ನೋವನ್ನು ಮಗ ಮೂವತ್ತು ವರ್ಷ ಹೊತ್ತು ತಿರುಗಿದ್ದಾನೆ. ತಾನು ಹೋಗಲಾಗಲಿಲ್ಲ ಎಂಬ ನೋವನ್ನು ತಂದೆಯೂ ಅಷ್ಟೇ ವರ್ಷ ಹೊತ್ತಿದ್ದಾರೆ. ಒಂದೇ ಸೂರಿನ ಕೆಳಗೆ ಬಾಳಿದವರು ಒಬ್ಬರಿಗೊಬ್ಬರು ಹೇಳಿಕೊಳ್ಳಲಿಲ್ಲ. ಆ ರಾತ್ರಿ ಮಗ ಪಕ್ಕದಲ್ಲಿ ಕೂರದಿದ್ದರೆ ಆ ಮಾತು ತಂದೆಯೊಡನೆಯೇ ಮಣ್ಣಾಗುತ್ತಿತ್ತು.

ಆತ್ಮೀಯರೇ, ನಿಮ್ಮ ತಂದೆತಾಯಿಯ ಬಳಿಯೂ ಇಂಥ ಒಂದು ಮಾತು ಇರಬಹುದಲ್ಲವೇ?

ಅವರ ಇಷ್ಟವೇ ಬಾಗಿಲು

"ಆ ಧಾರಾವಾಹಿ ನನಗೆ ಹಿಡಿಸುವುದಿಲ್ಲ" ಎಂದು ಹೇಳುವವರಿದ್ದಾರೆ. ಹಿಡಿಸಬೇಕಾಗಿಲ್ಲ. ನೀವು ನೋಡಬೇಕಾದದ್ದು ಧಾರಾವಾಹಿಗಿಂತ ಹೆಚ್ಚಾಗಿ, ಅದನ್ನು ನೋಡುತ್ತಿರುವವರನ್ನು. ತಾಯಿ ಯಾವ ದೃಶ್ಯದಲ್ಲಿ ಕಣ್ಣೊರೆಸಿಕೊಳ್ಳುತ್ತಾರೆ? ಯಾವ ಪಾತ್ರವನ್ನು ಬೈಯುತ್ತಾರೆ? "ಆ ಹುಡುಗಿ ಇಷ್ಟು ಸಹಿಸಿಕೊಳ್ಳಬಾರದಿತ್ತು" ಎಂದು ಅವರು ಹೇಳಿದಾಗ, ಅದು ಪರದೆಯ ಮೇಲಿನ ಸೊಸೆಯ ಕಥೆಯೋ ತಮ್ಮದೇ ಕಥೆಯೋ? "ನೀವು ಆಗ ಏನು ಮಾಡಿದಿರಿ ಅಮ್ಮಾ?" ಎಂದು ಮೆಲ್ಲಗೆ ಕೇಳಿ ನೋಡಿ. ಟಿ.ಎನ್. ಸೀತಾರಾಂ ಅವರ 'ಮಾಯಾಮೃಗ' 1998ರಲ್ಲಿ ಪ್ರಸಾರವಾಗುತ್ತಿದ್ದಾಗ ಅದರ ಪಾತ್ರಗಳನ್ನು ನೆಂಟರಂತೆ ಕಂಡು ಮಾತನಾಡಿದ ಮನೆಗಳು ಎಷ್ಟೋ. ಪರರ ಕಥೆಯ ನೆಪದಲ್ಲಿ ನಮ್ಮ ಕಥೆ ಹೇಳಿಕೊಳ್ಳುವುದು ಮನುಷ್ಯ ಸ್ವಭಾವ.

ಇನ್ನೊಂದು ಮಾತು. ವಯಸ್ಸಾದವರಿಗೆ ಮನೆಯಲ್ಲಿ ಎಲ್ಲರೂ ಕಲಿಸುವವರೇ. ಮೊಬೈಲ್ ಹೀಗೆ ಒತ್ತಬೇಕು, ಮಾತ್ರೆ ಹೀಗೆ ನುಂಗಬೇಕು, ಉಪ್ಪು ತಿನ್ನಬಾರದು! ಆದರೆ ರಸಪ್ರಶ್ನೆಯ ಮುಂದೆ, ಹಳೆಯ ಚಲನಚಿತ್ರದ ಮುಂದೆ ಅವರೇ ತಿಳಿದವರು. ಅಲ್ಲಿ ನೀವು ಕೇಳುವವರಾಗಿ. ಅದು ಅವರಿಗೆ ನೀವು ಸಲ್ಲಿಸುವ ಗೌರವ.

ನಾಲ್ಕನೆಯ ಆಜ್ಞೆಯನ್ನು ನಾವು ಬಾಲ್ಯದಲ್ಲೇ ಬಾಯಿಪಾಠ ಮಾಡಿದ್ದೇವೆ. ತಂದೆತಾಯಿಯನ್ನು ಗೌರವಿಸುವುದೆಂದರೆ ಔಷಧಿಗೆ ಹಣ ಕೊಡುವುದು, ಕೆಲಸದವರನ್ನು ನೇಮಿಸುವುದು ಎಂದಷ್ಟೇ ತಿಳಿದರೆ ಸಾಲದು. ಹಣ ಕಳುಹಿಸಬಹುದು, ಅರ್ಧ ಗಂಟೆಯ ಸಾಮೀಪ್ಯವನ್ನು ಬೇರೆಯವರ ಕೈಯಲ್ಲಿ ಕಳುಹಿಸಲಾಗದು.

ದೂರದಲ್ಲಿರುವವರು ಏನು ಮಾಡಬೇಕು? ಇಲ್ಲಿ ರಾತ್ರಿ ಒಂಬತ್ತೂವರೆ ಆದಾಗ ದುಬೈಯಲ್ಲಿ ಎಂಟು ಗಂಟೆ. ಚಂದನದ ಕಾರ್ಯಕ್ರಮಗಳು ಯೂಟ್ಯೂಬಿನಲ್ಲೂ ಸಿಗುತ್ತವೆ. ಅದೇ ಕಂತನ್ನು ನೀವೂ ನೋಡಿ ಫೋನ್ ಮಾಡಿ. "ಊಟ ಆಯ್ತಾ?" ಎಂಬ ಪ್ರಶ್ನೆಗೆ ಒಂದೇ ಉತ್ತರ. "ನಿನ್ನೆಯ ಪ್ರಶ್ನೆಗೆ ನೀವು ಏನು ಉತ್ತರ ಹೇಳಿದಿರಿ?" ಎಂದು ಕೇಳಿದರೆ ಹತ್ತು ನಿಮಿಷದ ಮಾತು.

ಅವರು ಹೋದ ಮೇಲೆ

ಹಿರಿಯರು ಹೋಗುತ್ತಾರೆ, ಕಾರ್ಯಕ್ರಮ ಮುಂದುವರಿಯುತ್ತದೆ. ಅಂತ್ಯಕ್ರಿಯೆ ಮುಗಿದು, ನೆಂಟರೆಲ್ಲ ಹೊರಟ ನಂತರದ ಒಂದು ರಾತ್ರಿ, ಪಕ್ಕದ ಮನೆಯಿಂದ ಆ ಕಾರ್ಯಕ್ರಮದ ಸಂಗೀತ ಕೇಳಿಬರುತ್ತದೆ. ಸಮಾಧಿಯ ಬಳಿ ಬಾರದ ಅಳು ಆಗ ಬರುತ್ತದೆ. ಇದು ದುರ್ಬಲತೆಯಲ್ಲ, ವಿಶ್ವಾಸದ ಕೊರತೆಯೂ ಅಲ್ಲ. ಲಾಜರನ ಸಮಾಧಿಯ ಬಳಿ ಪ್ರಭುಯೇಸುವೂ ಕಣ್ಣೀರಿಟ್ಟರು.

ಆ ಕಾರ್ಯಕ್ರಮವನ್ನು ಕೂಡಲೇ ನೋಡಬೇಕೆಂಬ ಬಲವಂತ ಬೇಡ. ಎಂದೆಂದಿಗೂ ನೋಡುವುದಿಲ್ಲ ಎಂಬ ಶಪಥವೂ ಬೇಡ. ಕಾಲ ಬಂದಾಗ ನಿಮ್ಮ ಮಕ್ಕಳೊಡನೆ ಕುಳಿತು ನೋಡಿ. 1987ರಲ್ಲಿ ಭಾನುವಾರ ಬೆಳಿಗ್ಗೆ ದೂರದರ್ಶನದಲ್ಲಿ 'ರಾಮಾಯಣ' ಆರಂಭವಾದಾಗ ಟಿ.ವಿ. ಇದ್ದ ಮನೆಗೆ ನೆರೆಹೊರೆಯವರೆಲ್ಲ ಬಂದು ಕೂರುತ್ತಿದ್ದರು. 2020ರ ಮಾರ್ಚ್ 28ರಿಂದ, ಲಾಕ್‌ಡೌನ್ ದಿನಗಳಲ್ಲಿ ಅದು ಮರುಪ್ರಸಾರವಾಯಿತು. ಅಂದು ಅಪ್ಪ ಅಮ್ಮನ ಪಕ್ಕ ಕುಳಿತಿದ್ದ ಮಕ್ಕಳು ಈ ಸಲ ತಾವೇ ಅಪ್ಪ ಅಮ್ಮಂದಿರಾಗಿದ್ದರು. "ನಿಮ್ಮ ತಾತ ಇಲ್ಲಿ ಕೂರುತ್ತಿದ್ದರು, ಇದನ್ನು ಕಂಡು ಹೀಗೆ ನಗುತ್ತಿದ್ದರು" ಎಂದು ಹೇಳುವಾಗ, ತಾತನನ್ನು ಕಾಣದ ಮಗುವಿಗೂ ತಾತ ಸಿಗುತ್ತಾರೆ.

ಲೂಕನ ಶುಭಸಂದೇಶದ 24ನೆಯ ಅಧ್ಯಾಯದಲ್ಲಿ ಎಮ್ಮಾವುವಿಗೆ ಹೊರಟ ಇಬ್ಬರು ಶಿಷ್ಯರನ್ನು ನೆನೆಯಿರಿ. ಪ್ರಭು ಅವರ ಪಕ್ಕದಲ್ಲೇ ನಡೆದರು, ಮಾತನಾಡಿದರು. ತಮ್ಮೊಡನೆ ಇದ್ದವರು ಯಾರೆಂದು ಅವರಿಗೆ ತಿಳಿದ ಗಳಿಗೆಯಲ್ಲೇ ಪ್ರಭು ಕಣ್ಮರೆಯಾದರು. ದಾರಿಯ ಆ ಮಾತುಗಳ ಬೆಲೆ ಅವರಿಗೆ ಹೊಳೆದದ್ದು ಆಮೇಲೆ. ತಂದೆತಾಯಿಯ ವಿಷಯದಲ್ಲೂ ನಮಗೆ ಹಾಗೆಯೇ ಆಗುತ್ತದೆ. ಆದರೆ ಆ ಶಿಷ್ಯರು ಕೊರಗುತ್ತಾ ಕೂರಲಿಲ್ಲ; ಎದ್ದು ಜೆರುಸಲೇಮಿಗೆ ಹೋಗಿ ಇತರರಿಗೆ ಹೇಳಿದರು.

"ನನಗೆ ಆ ಅವಕಾಶವೇ ತಪ್ಪಿಹೋಯಿತು" ಎನ್ನುವವರೂ ಇದನ್ನು ಓದುತ್ತಿರಬಹುದು. ನಿಮಗೆ ಎರಡು ಮಾತು. ಅಗಲಿದವರಿಗಾಗಿ ನಾವು ಮಾಡುವ ಪ್ರಾರ್ಥನೆ ವ್ಯರ್ಥವಲ್ಲ. ನವೆಂಬರ್ 2ರಂದು ಮಾತ್ರವಲ್ಲ, ಪ್ರತಿ ಬಲಿಪೂಜೆಯಲ್ಲೂ ಅವರನ್ನು ನೆನೆಯಬಹುದು. ಎರಡನೆಯದಾಗಿ, ನಿಮ್ಮ ಬೀದಿಯಲ್ಲೇ ಒಬ್ಬ ಹಿರಿಯರು ಈ ರಾತ್ರಿಯೂ ಟಿ.ವಿ. ಮುಂದೆ ಒಬ್ಬರೇ ಕುಳಿತಿರುತ್ತಾರೆ. ಅವರ ಮನೆಯ ಬಾಗಿಲು ತಟ್ಟಿ.

ಈ ವಾರ ನಿಮ್ಮ ಮನೆಯಲ್ಲಿ

1. ತಂದೆ ಅಥವಾ ತಾಯಿಯ ಮೆಚ್ಚಿನ ಕಾರ್ಯಕ್ರಮ ಯಾವುದು, ಎಷ್ಟು ಗಂಟೆಗೆ ಎಂದು ಮಕ್ಕಳೆಲ್ಲರಿಗೂ ಗೊತ್ತಿದೆಯೇ? ಇಲ್ಲದಿದ್ದರೆ ಇಂದೇ ಕೇಳಿ ತಿಳಿಯಿರಿ.

2. ವಾರದಲ್ಲಿ ಎರಡು ರಾತ್ರಿಯಾದರೂ ಅವರ ಪಕ್ಕ ಕುಳಿತು ಪೂರ್ತಿ ನೋಡಿ. ಮೊಬೈಲ್ ಬೇರೆ ಕೋಣೆಯಲ್ಲಿರಲಿ. ಟಿ.ವಿ. ಶಬ್ದ ಜೋರಾಯಿತೆಂದು ಗದರಬೇಡಿ. ಚೆನ್ನಾಗಿ ಕೇಳುವ ಕಿವಿಯ ಕಡೆ ಕುಳಿತುಕೊಳ್ಳಿ.

3. ಒಂದೇ ಒಂದು ಪ್ರಶ್ನೆ ಕೇಳಿ. ಉತ್ತರ ಬಾರದಿದ್ದರೆ ಸುಮ್ಮನಿರಿ. ಮಾತಿಲ್ಲದ ಅರ್ಧ ಗಂಟೆಯೂ ಅವರಿಗೆ ಬೇಕಾದದ್ದೇ.

4. ಮರೆವಿನ ಕಾಯಿಲೆ ಇರುವವರೊಡನೆ ಅವರ ಯೌವನದ ಹಾಡುಗಳನ್ನು ಕೇಳಿ. ಬೆಳಗಿನ ತಿಂಡಿ ಮರೆತವರಿಗೂ ಹಳೆಯ ಹಾಡು ನೆನಪಿರುವುದುಂಟು.

ನಾಳೆಯಿಂದ ಎಂದುಕೊಳ್ಳಬೇಡಿ. ಇವತ್ತು ರಾತ್ರಿಯ ಕಾರ್ಯಕ್ರಮಕ್ಕೆ ಇನ್ನೂ ಸಮಯವಿದೆ.